ಹದ್ದಿಗೆ ಕಾಣದ ಚೌಕ

"ಗೋಡೆ ಹಲ್ಲು ಕಡೀತಿದೆ ಕಣೇ," ಎಂದರು ಅತ್ತೆ.

ನಾನು ಅವರ ಹೊದಿಕೆ ಮಡಚುತ್ತಿದ್ದೆ. ಗೋಡೆಗೆ ಹಲ್ಲು ಯಾವಾಗ ಬಂತು ಎಂದು ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದರೆ ಅದಕ್ಕೂ ಅವರ ಬಳಿ ಉತ್ತರ ಇರುತ್ತದೆ. ಸೊಂಟದ ಮೂಳೆ ಮುರಿದು ಹಿಂದಿನ ಕೋಣೆಯ ಮಂಚ ಹಿಡಿದಾಗಿನಿಂದ ಅತ್ತೆಯ ಕಣ್ಣೆಲ್ಲ ಮುಂದಿನ ಕೋಣೆಯ ಮೇಲೆ. ಅಲ್ಲಿ ಟಿವಿ ಇದೆ. ಬೀದಿಗೆ ತೆರೆಯುವ ಕಿಟಕಿ ಇದೆ. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕೂತರು ಎಂಬುದೆಲ್ಲ ಮಲಗಿದಲ್ಲೇ ಕಾಣುತ್ತದೆ. ಹಿಂದಿನ ಕೋಣೆಯ ಕಿಟಕಿ ತೆರೆದರೆ ಕಾಣುವುದು ಗುಡ್ಡ ಜಾರದಂತೆ ಕಟ್ಟಿದ ಕಲ್ಲಿನ ತಡೆಗೋಡೆ, ಅದರ ಮೇಲೆ ಗುಡ್ಡ. ಮಂಚವನ್ನು ಮುಂದಕ್ಕೆ ಸಾಗಿಸಲು ಅವರು ಮೊದಲು ಸೊಳ್ಳೆಯ ಮೇಲೆ ದೂರು ಹೇಳಿದರು, ಆಮೇಲೆ ಸೆಖೆಯ ಮೇಲೆ. ಈಗ ಗೋಡೆಯ ಹಲ್ಲು. ನನಗೆ ನಗು ಬಂತು.

ನಾನು ಅನುಮಾನದ ಹೆಂಗಸು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಹಾಲು ತಂದರೆ ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡುತ್ತೇನೆ. ತರಕಾರಿಯವನು ನಕ್ಕರೆ ತಕ್ಕಡಿಯನ್ನು ನೋಡುತ್ತೇನೆ, ಅವನನ್ನಲ್ಲ. ಗಂಡ "ಈಗ ತಾನೇ ಬಂದೆ" ಎಂದರೆ ಅವನ ಸ್ಕೂಟರಿನ ಎಂಜಿನ್ ಮುಟ್ಟಿ ನೋಡುತ್ತೇನೆ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಏರಿಳಿಯುವ ಕೆಲಸವಾದರೂ ಅವನ ಮನಸ್ಸು ಮಾತ್ರ ಒಂದೇ ಮಟ್ಟದಲ್ಲಿರುತ್ತದೆ. ನನಗೆ 'ಪೊಲೀಸಮ್ಮ' ಎಂದು ಹೆಸರಿಟ್ಟವನು ಅವನೇ. ಆ ಹೆಸರು ಈಗ ಕಾಲೊನಿಯಲ್ಲೂ ಆಫೀಸಿನಲ್ಲೂ ಓಡಾಡುತ್ತದೆ. ಅನುಮಾನ ದೊಡ್ಡ ರೋಗ ಅನ್ನುತ್ತಾರೆ. ಇರಲಿ, ನನಗೆ ಆ ರೋಗಕ್ಕೇ ಸಂಬಳ ಬರುತ್ತದೆ.

ಕೆಲಸ ಹೀಗೆ. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ನಮ್ಮ ಊರಿನ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದು ಕಳಿಸುತ್ತವೆ. ಕೆಲವು ಕಣ್ಣಿಗೆ ಕಾಣುವಂಥ ಚಿತ್ರಗಳು. ಕೆಲವು ಮೋಡವನ್ನೂ ತೂರಿ ಬರುವ ರೇಡಾರ್ ಚಿತ್ರಗಳು, ಇವುಗಳಲ್ಲಿ ನೆಲ ಕೂದಲೆಳೆಯಷ್ಟು ಕುಸಿದರೂ ಗೊತ್ತಾಗುತ್ತದೆ. ಇಷ್ಟನ್ನೂ ನೋಡುತ್ತ ಕೂರಲು ಮನುಷ್ಯನ ಆಯಸ್ಸು ಸಾಲದು. ಅದಕ್ಕೆಂದೇ ಒಂದು ಕೃತಕ ಬುದ್ಧಿಯ ಯಂತ್ರ ಇದೆ, ನಾವು ಅದನ್ನು ಹದ್ದು ಎನ್ನುತ್ತೇವೆ. ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಹೋಲಿಸಿ, ಏನೋ ಬದಲಾಗಿದೆ ಅನಿಸಿದ ಕಡೆ ಹದ್ದು ಕೆಂಪು ಬಳಿಯುತ್ತದೆ. ಊರನ್ನೆಲ್ಲ ಚೌಕ ಚೌಕವಾಗಿ ಕತ್ತರಿಸಿದ ಆ ಚಿತ್ರಗಳು ನಮ್ಮ ಮೇಜಿಗೆ ಬರುತ್ತವೆ. ಹದ್ದು ಕಂಡದ್ದು ನಿಜವೋ ಭ್ರಮೆಯೋ ಎಂದು ತೀರ್ಪು ಕೊಡುವವರು ನಾವು. ಪರದೆಯ ಕೆಳಗೆ ಮೂರು ಗುಂಡಿಗಳಿವೆ: 'ಹೌದು', 'ಅಲ್ಲ', 'ನನಗೆ ಬೇಡ'. 'ಹೌದು' ಒತ್ತಿದರೆ ಆ ಚೌಕ ನಗರದ ಎಂಜಿನಿಯರುಗಳಿಗೆ ಹೋಗುತ್ತದೆ, ಅವರು ಉಪಕರಣ ಹೊತ್ತು ಜಾಗಕ್ಕೆ ಬರುತ್ತಾರೆ.

ನಾವು ಒತ್ತಿದ್ದನ್ನು ನೋಡಿಯೇ ಹದ್ದು ಕಲಿಯುತ್ತದೆ. ಒಣಹಾಕಿದ ಟಾರ್ಪಾಲನ್ನು ಹೊಸ ಮನೆ ಎಂದು ಸಾಧಿಸುತ್ತಿದ್ದ ಹದ್ದು ನಾಲ್ಕು ಸಲ ನನ್ನ 'ಅಲ್ಲ' ತಿಂದ ಮೇಲೆ ದಾರಿಗೆ ಬಂತು. ನಮ್ಮ ಮನೆಯಲ್ಲಿ ನನ್ನ ಮಾತನ್ನು ಇಷ್ಟು ಬೇಗ ಯಾರೂ ಕೇಳಿದ್ದಿಲ್ಲ.

ಮೂರನೆಯ ಗುಂಡಿಗೆ ಒಂದು ಹಿನ್ನೆಲೆ ಇದೆ. ಹಿಂದೆ ಯಾರೋ ಒಬ್ಬ ತನ್ನ ಭಾವಮೈದ ಕದ್ದು ಏರಿಸಿದ ಮಹಡಿಗೆ 'ಅಲ್ಲ' ಒತ್ತಿ ಸಿಕ್ಕಿಬಿದ್ದನಂತೆ. ಅಂದಿನಿಂದ ನಿಯಮ ಬಂತು. ನಮ್ಮ ಮನೆ ಇರುವ ಚೌಕ ನಮ್ಮ ಮೇಜಿಗೆ ಬಂದರೆ ಅದರ ಬಗ್ಗೆ ಒಳ್ಳೆಯದೂ ಹೇಳಬಾರದು, ಕೆಟ್ಟದ್ದೂ ಹೇಳಬಾರದು, 'ಬೇಡ' ಒತ್ತಿಬಿಡಬೇಕು. ಅದು ಇನ್ನೊಬ್ಬರಿಗೆ ಹೋಗುತ್ತದೆ. ನಿಯಮ ಒಳ್ಳೆಯದೇ. ಅನುಮಾನಕ್ಕೆ ಎಡೆ ಕೊಡದ ನಿಯಮ ಎಂದು ನಾನಂತೂ ಮೆಚ್ಚಿಕೊಂಡಿದ್ದೆ.

ಗೋಡೆಯ ಹಲ್ಲಿನ ಮಾತು ಬಂದ ಕೆಲವು ದಿನಕ್ಕೆ ಹಿಂದಿನ ಕೋಣೆಯ ಬಾಗಿಲು ಮುಚ್ಚದಾಯಿತು. ಬಡಗಿ ಬಂದು ಅಂಚು ಉಜ್ಜಿ ಸರಿಮಾಡಿದ. ವಾರ ಕಳೆಯುವಷ್ಟರಲ್ಲಿ ಮತ್ತೆ ಸಿಕ್ಕಿಕೊಂಡಿತು. ಮತ್ತೆ ಬರಲೆಂದೇ ಅರ್ಧ ಉಜ್ಜಿ ಹೋಗಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

"ಅಮ್ಮಾ, ಬಾಗಿಲಲ್ಲಿ ದೋಷ ಇಲ್ಲ," ಎಂದ ಬಡಗಿ, ಎರಡನೆಯ ಸಲ ಬಂದಾಗ. "ಚೌಕಟ್ಟೇ ವಾಲಿದೆ."

"ಕುಣಿಯೋಕೆ ಬರದೋರು ನೆಲ ಡೊಂಕು ಅಂದ್ರಂತೆ," ಎಂದೆ.

"ನೆಲ ಡೊಂಕೇ ಇದೆ, ನೋಡಿ ಬೇಕಾದ್ರೆ," ಎಂದು ಅವನು ತನ್ನ ಪೆನ್ಸಿಲನ್ನು ನೆಲದ ಮೇಲಿಟ್ಟ. ಅದು ಉರುಳಿ ಮಂಚದಡಿ ಹೋಯಿತು. ಬಡಗಿಯ ಪೆನ್ಸಿಲು ಉರುಳಲೆಂದೇ ಇರುವುದು ಎಂದು ನಾನು ಅದನ್ನೂ ತಳ್ಳಿಹಾಕಿದೆ. ಅತ್ತೆ ಮಂಚದ ಮೇಲಿಂದ ಇಬ್ಬರನ್ನೂ ನೋಡುತ್ತಿದ್ದರು. "ನಾ ಹೇಳಿದ್ರೆ ನಾಟಕ, ಅವ ಹೇಳಿದ್ರೆ ಕಳ್ಳತನ," ಎಂದರು. "ನಿನ್ನ ಹತ್ರ ಸಾಕ್ಷಿ ಹೇಳೋಕೆ ದೇವರೇ ಇಳಿದು ಬಂದ್ರೂ ಅವನ ಗುರುತಿನ ಚೀಟಿ ಕೇಳ್ತೀಯ."

ನನ್ನನ್ನು ಅಲ್ಲಾಡಿಸಿದವರು ಪಕ್ಕದ ಮನೆಯ ಪಿಟೀಲು ಮಾಸ್ತರು. ಹೆಂಡತಿಯೊಂದಿಗೆ ಈ ವರ್ಷವೇ ಆ ಮನೆ ಕೊಂಡು ಬಂದವರು, ಮೆದು ಮನುಷ್ಯ. ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ. ಒಂದು ಸಂಜೆ ನಮ್ಮ ಬಾಗಿಲಿಗೆ ಬಂದು, ಬೇಸರ ಮಾಡಿಕೊಳ್ಳಬೇಡಿ ಎಂದು ಮುಂಚೆಯೇ ಹೇಳಿಕೊಂಡು, "ಈ ಹಿಂದಿನ ಗೋಡೇಲಿ ನಿಮಗೇನಾದ್ರೂ ಶಬ್ದ ಕೇಳಿಸುತ್ತಾ?" ಎಂದರು. "ಮಕ್ಕಳು ನುಡಿಸೋದು ನಿಲ್ಲಿಸಿದ ಮೇಲೂ ಏನೋ ಒಂದು ಕೇಳ್ತಿರುತ್ತೆ. ಕಲ್ಲು ಕಲ್ಲು ಉಜ್ಜಿದ ಹಾಗೆ. ನನ್ನ ಕಿವಿ ಅಷ್ಟು ಸುಲಭವಾಗಿ ಮೋಸ ಹೋಗಲ್ಲ."

ಅತ್ತೆ, ಬಡಗಿ, ಮಾಸ್ತರು ಮೂವರೂ ಒಳಗೊಳಗೇ ಮಾತಾಡಿಕೊಂಡು ಟೋಪಿ ಹಾಕುವಷ್ಟು ದೊಡ್ಡ ಕುಳ ನಾನಲ್ಲ. ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಕಿವಿಯಿಟ್ಟೆ. ಅತ್ತೆ ಉಸಿರು ಬಿಗಿಹಿಡಿದು ಮಲಗಿದ್ದರು. ಒಳಗೆ ಎಲ್ಲೋ ಕಲ್ಲು ನಿಧಾನವಾಗಿ ಕಲ್ಲನ್ನು ತಿನ್ನುತ್ತಿತ್ತು.

ಮರುದಿನ ಗಂಡನನ್ನು ನಗರದ ಎಂಜಿನಿಯರ ಕಚೇರಿಗೆ ಅಟ್ಟಿದೆ. ಅವನು ಹೋದಷ್ಟೇ ವೇಗದಲ್ಲಿ ವಾಪಸು ಬಂದ. "ಅಲ್ಲಿ ಗುಮಾಸ್ತ ಕಂಪ್ಯೂಟರನ್ನ ನನ್ನ ಕಡೆ ತಿರುಗಿಸಿ ತೋರಿಸ್ದ. ನಮ್ಮ ಕಾಲೊನಿ ಪೂರ್ತಿ ಹಸಿರು. ಕೆಂಪು ಬಂದ್ರೆ ನೀವು ಕರೀದೇನೇ ನಾವು ಬರ್ತೀವಿ, ಹಸಿರಿದ್ದ ಕಡೆ ಎಲ್ಲಾ ಓಡಾಡೋಕೆ ನಮಗೆ ಜನ ಇಲ್ಲ ಅಂದ. ನಿನ್ನ ಹದ್ದೇ ಹೇಳ್ತಿದೆಯಲ್ಲ, ಏನೂ ಆಗಿಲ್ಲ ಅಂತ."

"ಹದ್ದು ಹೇಳ್ತಾ?"

"ಹದ್ದು ಹೇಳ್ತು. ಇನ್ನೂ ಅನುಮಾನ ಇದ್ರೆ ಮೇಲೆ ಹತ್ತಿ ಉಪಗ್ರಹದ ಎಂಜಿನ್ ಮುಟ್ಟಿ ನೋಡು."

ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಊರಿನ ನಕ್ಷೆ ತೆರೆದೆ. ಸ್ವಂತ ಚೌಕಕ್ಕೆ ತೀರ್ಪು ಕೊಡಬಾರದೇ ಹೊರತು, ಎಲ್ಲರಿಗೂ ತೆರೆದಿಟ್ಟ ನಕ್ಷೆಯನ್ನು ನೋಡಬಾರದು ಎಂದೇನಿಲ್ಲ. ಊರಿನ ಯಾವ ಮೂಲೆಗೆ ಹೋದರೂ ಒಂದಲ್ಲ ಒಂದು ಗುರುತಿರುತ್ತದೆ. ಒಂದು ಹೊಸ ಶೆಡ್ಡು, ಕಡಿದ ಮರ, ಅಗೆದ ರಸ್ತೆ. ಜನ ಇರುವ ಕಡೆ ನೆಲ ಸುಮ್ಮನಿರುವುದಿಲ್ಲ. ನಮ್ಮ ಕಾಲೊನಿ ಮಾತ್ರ ತೊಳೆದಿಟ್ಟ ತಟ್ಟೆಯಂತಿತ್ತು. ನಮ್ಮ ಬೀದಿಯ ತುದಿಯಲ್ಲಿ ಈಚೆಗೆ ತಾನೇ ನೀರಿನ ದೊಡ್ಡ ಟ್ಯಾಂಕ್ ಎದ್ದು ನಿಂತಿದೆ. ಕುರುಡನೂ ಎಡವುವಂಥ ಟ್ಯಾಂಕ್. ಹದ್ದಿಗೆ ಅದೂ ಕಂಡಿರಲಿಲ್ಲ. ಟಾರ್ಪಾಲನ್ನು ಬಿಡದ ಹದ್ದು ಟ್ಯಾಂಕನ್ನು ಬಿಟ್ಟಿತೆಂದರೆ ಯಾರೋ ಅದರ ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ.

ಯಾರು ಎಂದು ಯೋಚಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಮ್ಮ ಮೇಲ್ವಿಚಾರಕರನ್ನು ನಾವು ಗಡಿಯಾರ ಎನ್ನುತ್ತೇವೆ. ಅವರು ಒಳಗೆ ಬಂದರೆ ಜನ ಕೈಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಚೌಕಗಳನ್ನು ನಮಗೆ ಹಂಚುವುದು, ಹದ್ದಿನ ಪಾಠ ಸರಿಯಾಗಿದೆಯೇ ನೋಡುವುದು ಅವರ ಕೆಲಸ. ಒಂದು ಚೌಕವನ್ನು ಮುಚ್ಚಿಡುವ ಅಧಿಕಾರ ಇಡೀ ಆಫೀಸಿನಲ್ಲಿ ಇರುವುದು ಅವರೊಬ್ಬರಿಗೆ. ನಮ್ಮ ಪಕ್ಕದ ಮನೆ ಅವರದೇ ಆಗಿತ್ತು. ಆಫೀಸು ನೌಕರರಿಗಾಗಿ ಕಟ್ಟಿಸಿದ ಕಾಲೊನಿಯನ್ನು ಬಿಟ್ಟುಹೋದವರು ಅವರೊಬ್ಬರೇ. ಈ ವರ್ಷದ ಆರಂಭದಲ್ಲಿ ಮನೆಯನ್ನು ಮಾಸ್ತರಿಗೆ ಮಾರಿ ಊರಿನ ಆ ಕೊನೆಗೆ ಹೋದರು. ಕೇಳಿದ್ದಕ್ಕೆ, ಮಗಳ ಶಾಲೆ ದೂರವಾಗುತ್ತೆ ಎಂದಿದ್ದರು. ಗೋಡೆ ಹಲ್ಲು ಕಡಿಯುವುದನ್ನು ನಮಗಿಂತ ಮೊದಲು ಕೇಳಿಸಿಕೊಂಡು, ಹದ್ದಿನ ಬಾಯಿ ಮುಚ್ಚಿಸಿ, ಮನೆಯನ್ನು ಆ ಮೆದು ಮನುಷ್ಯನ ಕೊರಳಿಗೆ ಕಟ್ಟಿ ಹೋಗಿದ್ದಾರೆ. ಎಲ್ಲವೂ ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು.

ಚಹಾದ ವೇಳೆಗೆ ಎಲ್ಲರೂ ಉದ್ದನೆಯ ಮೇಜಿನ ಸುತ್ತ ಇದ್ದರು. ಗಡಿಯಾರ ಎಂದಿನಂತೆ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು.

"ಸಾರ್, ನಮ್ಮ ಕಾಲೊನಿ ಚೌಕಾನ ಯಾಕೆ ಮುಚ್ಚಿಟ್ಟಿದ್ದೀರಿ?" ಎಂದೆ.

ಗಡಿಯಾರ ಕಿಟಕಿಯಿಂದ ಇತ್ತ ತಿರುಗಿದರು.

"ಏನಂದ್ರಿ?"

"ಗುಡ್ಡ ಜಾರ್ತಿರೋದು ನಿಮಗೆ ಗೊತ್ತಿತ್ತು. ಅದಕ್ಕೇ ಮನೆ ಮಾರಿ ಓಡಿಹೋದ್ರಿ. ಕೊಂಡೋರಿಗೆ ಗೊತ್ತಾಗಬಾರ್ದು ಅಂತ ನಕ್ಷೇನ ಹಸಿರು ಮಾಡಿ ಇಟ್ಟಿದ್ದೀರಿ. ಅಲ್ಲಿ ಎದ್ದೇಳೋಕಾಗದ ನಮ್ಮತ್ತೆ ಮಲಗಿದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಅದಕ್ಕಾಗಿ ಕಾದೆ. ಅವರು ಮುಟ್ಟಿಕೊಳ್ಳಲಿಲ್ಲ. ಲೋಟ ಕೆಳಗಿಟ್ಟರು, ಮುಖ ಸಣ್ಣದಾಯಿತು. ನನ್ನ ಕಡೆ ನೋಡದೆ ಮೇಜಿನ ಸುತ್ತ ಇದ್ದವರ ಕಡೆ ತಿರುಗಿ, "ಕಾಲೊನಿ ಚೌಕ ಈಚೆಗೆ ಯಾರಿಗೆ ಬಂದಿತ್ತು?" ಎಂದು ಕೇಳಿದರು.

"ನನಗೆ ಬಂದಿತ್ತು," ಎಂದಳು ಕಿಟಕಿ ಪಕ್ಕದ ಮೇಜಿನ ಹುಡುಗಿ. "ಬೇಡ ಒತ್ತಿದೆ. ನಮ್ಮನೆ ಇದೆಯಲ್ಲ ಅದ್ರಲ್ಲಿ."

"ನಂಗೂ ಬಂದಿತ್ತು," ಎಂದರು ನಿವೃತ್ತಿಗೆ ಹತ್ತಿರವಾದ ಹಳೆಯ ಸರ್ವೇಯರು. "ಒಳ್ಳೇ ಕೆಂಪಿತ್ತು ಆಗ. ನಾನು ಯಾಕೆ ನೋಡ್ಲಿ, ನಿಯಮ ನಿಯಮವೇ ಅಂತ ಬೇಡ ಒತ್ತಿ ಮುಂದೆ ಕಳಿಸ್ದೆ."

"ಮುಂದೆ ಅಂದ್ರೆ ನನಗೇ," ಎಂದ ಅವರ ಪಕ್ಕದವನು. "ನಾನೂ ಬೇಡ ಅಂದೆ."

"ನಾನೂನೂ."

"ನಾನೂ."

ಮಾತು ಮೇಜಿನ ಸುತ್ತ ತಟ್ಟೆಯ ಹಾಗೆ ಕೈಯಿಂದ ಕೈಗೆ ಬಂದು ನನ್ನ ಮುಂದೆ ನಿಂತಿತು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಆಫೀಸಿನ ವ್ಯಾನು ಒಂದೇ ಕಡೆಯಿಂದ ಹತ್ತಿಸಿಕೊಂಡು ಒಂದೇ ಕಡೆ ಇಳಿಸುವ ಜನ ನಾವು. ಕಾಲೊನಿಯ ಚೌಕ ನಮ್ಮಲ್ಲಿ ಯಾರಿಗೆ ಬಂದರೂ ಅದು ಸ್ವಂತ ಮನೆಯ ಚೌಕವೇ. ಬೇರೆಯವರು ನೋಡುತ್ತಾರೆ ಎಂದು ಪ್ರತಿಯೊಬ್ಬರೂ ಮರ್ಯಾದೆಯಿಂದ ಮುಖ ತಿರುಗಿಸಿದ್ದೆವು. ಆ ಬೇರೆಯವರು ಎಂಬುವರು ಇರಲೇ ಇಲ್ಲ.

"ನಾನೂ ಬೇಡ ಒತ್ತಿದೀನಿ," ಎಂದೆ. "ನಮ್ಮ ಬೀದಿ ಕಂಡ ತಕ್ಷಣ, ಕೆಂಪು ಕೂಡ ನೋಡದೆ."

ಗಡಿಯಾರ ಮೆಲ್ಲಗೆ ಕುರ್ಚಿಯಲ್ಲಿ ಕೂತರು. "ಎಲ್ಲರಿಗೂ ಬೇಡವಾದ ಕೆಂಪು," ಎಂದರು. "ಹದ್ದು ಏನು ಕಲೀಬೇಕು ಮತ್ತೆ? ಅಲ್ಲಿ ಕೆಂಪು ಹಾಕೋದು ತಪ್ಪು ಅಂತ ಕಲಿತಿದೆ. ಮೊದಲು ಮಸುಕು ಮಾಡಿದೆ, ಆಮೇಲೆ ಹಾಕೋದನ್ನೇ ಬಿಟ್ಟಿದೆ. ಟ್ಯಾಂಕೂ ಬೇಡ, ಗುಡ್ಡಾನೂ ಬೇಡ."

ಹದ್ದಿನ ಕಣ್ಣಿಗೆ ಬಟ್ಟೆ ಕಟ್ಟಿದವರನ್ನು ನಾನು ಹುಡುಕುತ್ತಿದ್ದೆ. ಗಂಟು ಹಾಕಿದ ಕೈಗಳೆಲ್ಲ ಆ ಮೇಜಿನ ಮೇಲೇ ಇದ್ದವು. ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಹೆದರಿಕೆ. ಗಂಡನಿಗೆ ಫೋನ್ ಮಾಡಿ, ಇದ್ದ ಕೆಲಸ ಬಿಟ್ಟು ಹೋಗಿ ಅತ್ತೆಯ ಮಂಚ ಮುಂದಿನ ಕೋಣೆಗೆ ಹಾಕು, ಈಗಲೇ ಹಾಕು ಎಂದೆ. ಸ್ವಲ್ಪ ಹೊತ್ತಿಗೆ ಅತ್ತೆಯೇ ಫೋನಿಗೆ ಬಂದರು. "ಬಂತಾ ಬುದ್ಧಿ?" ಎಂದರು. ಹಿಂದೆ ಟಿವಿಯ ಸದ್ದು ಜೋರಾಗಿ ಕೇಳುತ್ತಿತ್ತು.

ಅತ್ತೆಯನ್ನು ಮುಂದಿನ ಕೋಣೆಗೆ ತಂದರೆ ಮುಗಿಯಿತೇ? ಆ ಸಾಲಿನ ಪ್ರತಿ ಮನೆಗೂ ಹಿಂದಿನ ಕೋಣೆ ಇದೆ. ಮಾಸ್ತರ ಕೋಣೆಯಲ್ಲಿ ಸಂಜೆಯಾದರೆ ಮಕ್ಕಳು ಪಿಟೀಲು ಹಿಡಿದು ಕೂರುತ್ತಾರೆ. ಗುಡ್ಡ ಬಂದರೆ ಹಿಂದಿನ ಕೋಣೆ, ಮುಂದಿನ ಕೋಣೆ ಎಂದು ನೋಡಿಕೊಂಡು ಬರುವುದಿಲ್ಲ.

ಗಡಿಯಾರದ ಕೋಣೆಗೆ ಹೋದೆ. ಅವರು ಆಗಲೇ ಹಳೆಯ ಹದ್ದನ್ನು ಎಬ್ಬಿಸುತ್ತಿದ್ದರು. ನಮ್ಮಿಂದ ಪಾಠ ಕಲಿಯುವ ಮುಂಚಿನ ಹದ್ದನ್ನು ಆಫೀಸು ಬಿಸಾಕಿರಲಿಲ್ಲ, ಒಂದು ಕಡೆ ಎತ್ತಿಟ್ಟಿತ್ತು. ಕಾಲೊನಿಯ ಹಳೆಯ ಹೊಸ ರೇಡಾರ್ ಚಿತ್ರಗಳನ್ನು ಅದಕ್ಕೆ ಕೊಟ್ಟು ಇಬ್ಬರೂ ಕಾದೆವು. ನಾನು ನಿಂತೇ ಇದ್ದೆ, ಅವರು ಕೂರಿ ಎನ್ನಲಿಲ್ಲ. ಪರದೆಯ ಮೇಲೆ ಮೊದಲು ಟ್ಯಾಂಕಿನ ಜಾಗದಲ್ಲಿ ಒಂದು ಕೆಂಪು ಚುಕ್ಕೆ ಬಂತು. ಆಮೇಲೆ ತಡೆಗೋಡೆಯ ಉದ್ದಕ್ಕೂ, ಹಿಂದಿನ ಸಾಲಿನ ಒಂದೊಂದೇ ಮನೆಯ ಬೆನ್ನಿಗೆ, ಕೆಂಪು ಹರಿಯುತ್ತ ಹೋಯಿತು. ನಮ್ಮ ಮನೆಯ ಹಿಂದೆ, ಮಾಸ್ತರ ಮನೆಯ ಹಿಂದೆ ಅದು ಕಪ್ಪಾಗುವಷ್ಟು ದಟ್ಟವಾಗಿತ್ತು.

"ಹೌದು ಒತ್ತಿ ಸಾರ್," ಎಂದೆ. "ನಾನು ಒತ್ತೋ ಹಾಗಿಲ್ಲ."

"ನೀವು ಒತ್ತಿದ್ರೆ ವಿಚಾರಣೆಗೆ ಹೋಗುತ್ತೆ. ಸ್ವಂತ ಮನೆ ಚೌಕಕ್ಕೆ ತೀರ್ಪು ಕೊಟ್ಟಿದ್ದು ಯಾಕೆ ಅಂತ ಕೇಳ್ತಾ ಕೂರ್ತಾರೆ. ಅಷ್ಟರಲ್ಲಿ ಗುಡ್ಡ ಕಾಯುತ್ತಾ?"

"ಅದಕ್ಕೇ ನೀವು ಒತ್ತಿ ಅಂದಿದ್ದು. ಈ ಆಫೀಸಲ್ಲಿ ಆ ಚೌಕದಲ್ಲಿ ಮನೆ ಇಲ್ದಿರೋರು ನೀವೊಬ್ಬರೇ."

"ಹೂಂ," ಎಂದರು. "ಇಲ್ಲದ ಹಾಗೆ ಮಾಡ್ಕೊಂಡೋನೂ ನಾನೊಬ್ಬನೇ."

ಅವರು ಬೆರಳನ್ನು ಗುಂಡಿಯ ಹತ್ತಿರ ತರಲಿಲ್ಲ. ಪರದೆಯನ್ನೇ ನೋಡುತ್ತಿದ್ದರು.

"ನಾನು ಹೌದು ಒತ್ತಿದ ಕೂಡಲೆ ಏನಾಗುತ್ತೆ ಗೊತ್ತಾ? ಮನೆ ಮಾರಿದೋನು ತಾನೇ ಬಂದು ಅದು ಬೀಳುತ್ತೆ ಅಂದ ಹಾಗಾಯ್ತು. ಯಾರು ನಂಬ್ತಾರೆ ನನಗೆ ಮೊದಲು ಗೊತ್ತಿರಲಿಲ್ಲ ಅಂತ? ನೀವು ಎಲ್ಲರ ಎದುರಿಗೆ ಹೇಳಿದ್ದು ನಿಜ ಅಂತ ನಾನೇ ರುಜು ಹಾಕಿ ಕೊಟ್ಟ ಹಾಗೆ."

"ನಿಮಗೆ ಗೊತ್ತಿತ್ತಾ?" ಎಂದೆ. ಬಾಯಿ ತಡೆಯಲಿಲ್ಲ.

ಅವರು ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು. "ಹಿಂದಿನ ಬಾಗಿಲು ಸಿಕ್ಕಿಕೊಳ್ತಿತ್ತು. ಬಡಗಿ ಕರೆಸಿ ಉಜ್ಜಿಸಿದೆ. ಮಳೆಗೆ ಮರ ಉಬ್ಬಿದೆ ಅಂದ್ಕೊಂಡೆ. ನೀವೇನಂದ್ಕೊಂಡ್ರಿ?"

ಬಡಗಿ ಕಳ್ಳ ಎಂದುಕೊಂಡಿದ್ದೆ.

"ನನ್ನ ಹೆಂಡತಿ ಒಂದೆರಡು ಸಲ ಅಂದ್ಲು, ಗೋಡೇಲಿ ಏನೋ ಇದೆ ಅಂತ," ಎಂದರು. "ನಕ್ಷೆ ತೆಗೆದು ತೋರಿಸ್ದೆ. ಹಸಿರಿದೆ ನೋಡು, ಉಪಗ್ರಹಕ್ಕಿಂತ ನಿನ್ನ ಕಿವಿ ದೊಡ್ಡದಾ ಅಂದೆ. ಅವಳು ಮತ್ತೆ ಮಾತಾಡ್ಲಿಲ್ಲ. ಮಗಳ ಶಾಲೆ ದೂರ ಆಗಿದ್ದು ನಿಜ. ಆದರೆ ಈಗ ಅದನ್ನ ಯಾರಿಗೆ ಹೇಳ್ಲಿ?"

ಕ್ಷಮಿಸಿ ಎನ್ನಬೇಕಿತ್ತು. ಆದರೆ ಕ್ಷಮೆ ಕೇಳಿದರೆ ಅವರು ಗುಂಡಿ ಒತ್ತಲೆಂದು ಬೆಣ್ಣೆ ಹಚ್ಚುತ್ತಿದ್ದೇನೆ ಎಂದು ತಿಳಿಯಬಹುದು. ಅವರ ಜಾಗದಲ್ಲಿದ್ದರೆ ನಾನು ಹಾಗೇ ತಿಳಿಯುತ್ತಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, 'ಹೌದು' ಒತ್ತಿದರು. "ಮನೆಗೆ ಹೋಗಿ," ಎಂದರು. "ಅತ್ತೆನ ಕರ್ಕೊಂಡು ಹೊರಗೆ ಬನ್ನಿ."

ಆ ಸಂಜೆ ಮಾಸ್ತರಿಗೆ ಹೇಳಿ ಪಾಠ ನಿಲ್ಲಿಸಿದೆ, ಅತ್ತೆ ಮಾತ್ರ ಟಿವಿ ಬಿಟ್ಟು ಕದಲಲು ಒಪ್ಪಲಿಲ್ಲ. ಎಂಜಿನಿಯರುಗಳು ಮರುದಿನ ಬೆಳಗ್ಗೆಯೇ ಬಂದರು. ಮೂರು ಕಾಲಿನ ಉಪಕರಣ ಇಟ್ಟು ಗೋಡೆಯನ್ನು ಒಂದು ಕಣ್ಣಲ್ಲಿ ನೋಡಿದರು, ಬಿರುಕು ಅಗಲವಾದರೆ ಗೊತ್ತಾಗಲೆಂದು ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದರು. ಮಧ್ಯಾಹ್ನದೊಳಗೆ ಒಂದು ಪಟ್ಟಿ ತಾನಾಗಿಯೇ ಒಡೆಯಿತು. ಅದನ್ನು ನೋಡಿದ ಹಿರಿಯ ಎಂಜಿನಿಯರು ಚಹಾ ಕೂಡ ಕುಡಿಯದೆ ಸಾಲು ಖಾಲಿ ಮಾಡಿಸಲು ಹೇಳಿದ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಗಂಡ ಮತ್ತು ನೆರವಿಗೆ ಓಡಿಬಂದ ಬಡಗಿ ಎತ್ತಿಕೊಂಡು ಬಂದರು. "ಟಿವಿನ ಯಾರಾದ್ರೂ ಹಿಡ್ಕೊಂಡ್ರೇನ್ರೋ," ಎಂದು ಅವರು ಬೀದಿಯುದ್ದಕ್ಕೂ ಕೇಳುತ್ತಿದ್ದರು. ನಮ್ಮನ್ನೆಲ್ಲ ಹತ್ತಿರದ ಶಾಲೆಯ ಸಭಾಂಗಣಕ್ಕೆ ಸಾಗಿಸಿದರು.

ತಡೆಗೋಡೆ ಬಿದ್ದದ್ದು ಕೆಲವು ದಿನಗಳ ನಂತರ, ಒಂದು ಬಿಸಿಲ ಮಧ್ಯಾಹ್ನ, ಒಂದು ಹನಿ ಮಳೆಯೂ ಇಲ್ಲದಾಗ. ನಾನೂ ಗಂಡನೂ ಹೋಗಿ ಹಗ್ಗ ಕಟ್ಟಿದ ಗಡಿಯಿಂದ ನೋಡಿದೆವು. ಮುಂದಿನಿಂದ ನೋಡಿದರೆ ಮನೆ ಮೊದಲಿನಂತೆಯೇ ಇತ್ತು, ಕಿಟಕಿಯ ಪರದೆ ಕೂಡ ಸರಿಯಾಗಿತ್ತು. ತೆರೆದ ಬಾಗಿಲಿನಿಂದ ಒಳಗೆ ನೋಡಿದರೆ ಹಿಂದಿನ ಕೋಣೆ ಇರಬೇಕಾದ ಕಡೆ ಮಣ್ಣು ಸೂರಿನವರೆಗೂ ತುಂಬಿತ್ತು. ಗಂಡ ಏನೂ ತಮಾಷೆ ಮಾಡಲಿಲ್ಲ. ನನ್ನ ಕೈ ಹಿಡಿದುಕೊಂಡ.

ಯಾರಿಗೂ ಒಂದು ತರಚು ಗಾಯವೂ ಆಗಿರಲಿಲ್ಲ. ಸಭಾಂಗಣದಲ್ಲಿ ಜನರಿಗೆ ಅದರ ಸಂತೋಷ ಒಂದು ಹೊತ್ತು ಇತ್ತು. ಆಮೇಲೆ ಪಿಸುಮಾತು ಶುರುವಾಯಿತು. ಗಡಿಯಾರಕ್ಕೆ ಹೊತ್ತು ಮೊದಲೇ ಗೊತ್ತಿತ್ತು ಎಂದು ಒಬ್ಬ ಚಾಪೆಯ ಮೇಲಿಂದ ಹೇಳಿದ. ಬೆಂಕಿಯಿಲ್ಲದೆ ಹೊಗೆಯಾಡುತ್ತಾ ಎಂದು ಇನ್ನೊಬ್ಬಳು ಹೇಳಿದಳು. ಪೊಲೀಸಮ್ಮ ಅವತ್ತೇ ಎಲ್ಲರ ಮುಂದೆ ಹಿಡಿದು ಕೇಳಿದ್ದಳಂತೆ, ಆಗ ಬೆವತು ಹೋಗಿ ಗುಂಡಿ ಒತ್ತಿದನಂತೆ ಎಂದು ಮೂರನೆಯವರು. ಚಹಾ ಮೇಜಿನ ಸುತ್ತ 'ನಾನೂ ಬೇಡ ಅಂದೆ' ಎಂದು ಬಾಯಿಬಿಟ್ಟು ಹೇಳಿದ್ದವರು ಇದನ್ನೆಲ್ಲ ಕೇಳುತ್ತ ಕೂತಿದ್ದರು. ಒಬ್ಬರೂ ಆ ಮಾತನ್ನು ಎತ್ತಲಿಲ್ಲ. ನಾನು ಎತ್ತಿದೆ. ಎಲ್ಲರ ನಡುವೆ ನಿಂತು, ತಪ್ಪು ಅವರದಲ್ಲ, ನಮ್ಮೆಲ್ಲರದು ಎಂದೆ. ಜನ ಕೇಳಿಸಿಕೊಂಡರು, ತಲೆಯಾಡಿಸಿದರು. ಮೇಲಧಿಕಾರಿಯನ್ನು ಕಾಪಾಡಿಕೊಳ್ಳುತ್ತಿದ್ದಾಳೆ, ಕೆಲಸದ ಆಸೆ ಎಂಬ ಮಾತು ಸ್ವಲ್ಪ ಹೊತ್ತಿಗೆ ಅತ್ತೆಯ ಮೂಲಕ ನನ್ನ ಕಿವಿಗೇ ಬಂತು.

ಆ ಸಂಜೆ ಗಡಿಯಾರ ಬಂದರು. ಎರಡು ದೊಡ್ಡ ಚೀಲಗಳಲ್ಲಿ ಹೊದಿಕೆ ತಂದಿದ್ದರು. ಬಾಗಿಲಲ್ಲಿ ನಿಂತು, ಬೇಕಾದವರು ತಗೊಳ್ಳಿ ಎಂದರು. ಸಭಾಂಗಣದಲ್ಲಿ ಎಲ್ಲರೂ ಏನೋ ಹುಡುಕುವವರಂತೆ ತಲೆ ಬಗ್ಗಿಸಿದರು. ಅತ್ತೆ ಒಬ್ಬರೇ ಕೈ ಚಾಚಿ, "ಇತ್ಲಾಗೆ ತಗೊಂಡ್ ಬಾರಪ್ಪ, ನೆಲ ತಣ್ಣಗಿದೆ," ಎಂದು ಒಂದನ್ನು ತೆಗೆದುಕೊಂಡರು. ಉಳಿದವನ್ನು ಗಡಿಯಾರ ಬಾಗಿಲ ಪಕ್ಕ ಒಂದರ ಮೇಲೊಂದು ನೀಟಾಗಿ ಜೋಡಿಸಿ, ಹೋಗಲೂ ಆಗದೆ ಅಲ್ಲೇ ನಿಂತರು.

ಪಿಟೀಲು ಮಾಸ್ತರು ನನ್ನ ಚಾಪೆಯ ತುದಿಗೆ ಬಂದು ಕೂತರು. ಆ ಮನೆಯ ಹೊರತು ಅವರಿಗೆ ಬೇರೆ ಏನೂ ಇರಲಿಲ್ಲ.

"ಒಂದೇ ಒಂದು ಮಾತು ಕೇಳ್ತೀನಿ, ನಿಜ ಹೇಳಿ," ಎಂದರು. "ಅವರಿಗೆ ಗೊತ್ತಿತ್ತಾ?"

"ಇಲ್ಲ ಮಾಸ್ತರೇ. ಖಂಡಿತ ಗೊತ್ತಿರಲಿಲ್ಲ."

"ನಿಮಗೆ ಹೇಗೆ ಗೊತ್ತು?"

ಅವರ ಮುಖ ನೋಡಿದ್ದೆ ಎನ್ನಬೇಕಿತ್ತು. ಮುಖ ನೋಡಿ ನಂಬುವ ಹೆಂಗಸು ನಾನಲ್ಲ ಎಂದು ಆ ಸಭಾಂಗಣದಲ್ಲಿದ್ದ ಮಗುವಿಗೂ ಗೊತ್ತಿತ್ತು.

"ಮಾರೋಕೆ ಮುಂಚೆ ಹಿಂದಿನ ಬಾಗಿಲು ಉಜ್ಜಿಸಿದ್ರಂತೆ. ಬಡಗಿ ಹೇಳ್ದ," ಎಂದರು ಮಾಸ್ತರು.

"ನಾವೂ ಉಜ್ಜಿಸಿದ್ವಿ," ಎಂದೆ.

"ನೀವು ಮಾರಲಿಲ್ಲ," ಎಂದರು ಮಾಸ್ತರು. ದನಿ ಏರಿರಲಿಲ್ಲ. "ಅವತ್ತು ಆಫೀಸಲ್ಲಿ ಎಲ್ಲರ ಮುಂದೆ ನೀವೇ ಅಂದ್ರಂತೆ, ಗೊತ್ತಿದ್ದೇ ಮಾರಿದ್ರು ಅಂತ. ಏನು ಆಧಾರ ಇತ್ತು ನಿಮ್ಮ ಹತ್ರ?"

"ಏನೂ ಇರಲಿಲ್ಲ. ಅನುಮಾನ ಬಂತು, ಅಂದ್ಬಿಟ್ಟೆ."

"ನನಗೂ ಅಷ್ಟೇ ಬಂದಿರೋದು," ಎಂದರು.

ಅವರು ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು, ಬಾಗಿಲ ಬಳಿ ನಿಂತಿದ್ದ ಗಡಿಯಾರದ ಕಡೆಗೆ ನಡೆದರು.